ಚಕ್ರಬಡ್ಡಿಯೂ ಲಘುಗಣಕವೂ

ಹೈಸ್ಕೂಲಿನಲ್ಲಿ ಕಲಿತ ಪಾಠಗಳಲ್ಲಿ ಯಾವುದು ಮುಂದೆ ಸಂಸಾರದಲ್ಲಿ ಉಪಯೋಗಕ್ಕೆ ಬರುವುದು, ಯಾವುದು ಪರೀಕ್ಷೆಯ ಮರುದಿನವೇ ಮರೆತುಹೋಗುವುದು ಎಂಬುದನ್ನು ಕಲಿಯುವ ಕಾಲದಲ್ಲಿ ಯಾರೂ ಹೇಳಲಾರರು. ಹೊಲಿಗೆ, ಅಡಿಗೆ, ಆರೋಗ್ಯಶಾಸ್ತ್ರ ಇವು ಹೆಣ್ಣುಮಕ್ಕಳಿಗೆ ಅವಶ್ಯವೆಂದು ಎಲ್ಲರೂ ಒಪ್ಪುವರು. ಆದರೆ ಇಂಗ್ಲಿಷಿನಲ್ಲಿ ಲಾಗರಿದಮ್ ಎಂದು ಕರೆಯುವ ಲಘುಗಣಕದ ಕೋಷ್ಟಕಗಳು ಇವರಿಗೆ ಏತಕ್ಕೆಂದು ಕೇಳದ ಪಾಲಕರು ವಿರಳ. ಈ ಸ್ಮರಣ ಸಂಚಿಕೆಗೆ ನನ್ನಿಂದಲೂ ಒಂದು ಲೇಖನವಾಗಬೇಕೆಂದು ಸಂಪಾದಕ ಮಂಡಲಿಯವರು ಅಪೇಕ್ಷಿಸಿರುವುದರಿಂದ, ಆ ಪ್ರಶ್ನೆಗೆ ನನ್ನ ಅನುಭವಕ್ಕೆ ಬಂದ ಉತ್ತರವನ್ನು ಸೋದರಿಯರ ಮುಂದೆಯೂ ಪಾಲಕರ ಮುಂದೆಯೂ ಇಡಲು ಯತ್ನಿಸುತ್ತೇನೆ.

ನನ್ನ ಹುಟ್ಟೂರು ಹೊಸಹಳ್ಳಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸುತ್ತಿನ ಸೀಮೆಯನ್ನು ಬಲ್ಲವರಿಗೆ ಅಲ್ಲಿನ ಬೇಸಾಯದ ಬಗೆಯನ್ನು ವಿವರಿಸಬೇಕಾದುದಿಲ್ಲ. ಬಹುಮಟ್ಟಿಗೆ ಕೆಂಪು ನೆಲ, ಮಳೆಯನ್ನೇ ನಂಬಿದ ಹೊಲ. ಜೋಳ, ನವಣೆ, ಕಡಲೆಕಾಯಿ ಇವೇ ಬೆಳೆ. ೧೮೭೬ರಿಂದ ೧೮೭೮ರ ವರೆಗಿನ ಧಾತು ಈಶ್ವರ ಸಂವತ್ಸರಗಳ ಮಹಾ ಬರವು ಬಳ್ಳಾರಿಯ ಪ್ರಾಂತವನ್ನು ಎಷ್ಟು ಹಾಳುಗೆಡವಿತೆಂಬುದನ್ನು ನಮ್ಮ ಹಿರಿಯರು ತಮ್ಮ ಹಿರಿಯರಿಂದ ಕೇಳಿದ್ದರು. ಇಂತಹ ಸೀಮೆಯಲ್ಲಿ ಬಿತ್ತನೆಯ ಬೀಜ ಹೇಗೋ ಸಾಲವೂ ಹಾಗೆಯೇ ಬೇಸಾಯದ ಒಂದು ಭಾಗವಾಗಿರುವುದು. ಮುಂಗಾರಿಗೆ ಮುಂಚೆ ತಂದು ಸುಗ್ಗಿಯಾದ ಮೇಲೆ ತೀರಿಸುವುದು ವಾಡಿಕೆ. ಸುಗ್ಗಿಯೇ ಆಗದ ವರ್ಷದಲ್ಲಿ ಕೊಟ್ಟೂರು ತೇರಿನ ಹೊತ್ತಿಗೆ ಹಳೆಯ ಪತ್ರವನ್ನು ಹರಿದು ಹೊಸದನ್ನು ಬರೆಸುವುದೂ ಅಷ್ಟೇ ವಾಡಿಕೆ.

ಈ ಪತ್ರ ತಿರುಗಿ ಬರೆಸುವ ಪದ್ಧತಿಯಲ್ಲಿಯೇ ಚಕ್ರಬಡ್ಡಿಯ ಮರ್ಮವೆಲ್ಲ ಅಡಗಿದೆ. ಹಳ್ಳಿಯಲ್ಲಿ ಬಡ್ಡಿಯನ್ನು ‘ನೂರಕ್ಕೆ ಎರಡು’ ಎಂದು ಹೇಳುವರು, ಅದು ತಿಂಗಳಿಗೆ. ವರ್ಷಕ್ಕೆ ನೂರಕ್ಕೆ ೨೪ ಆಯಿತು. ಸಾಲಗಾರನು ಬಡ್ಡಿಯನ್ನು ಕೊಡಲಾರದೆ ಹೋದರೆ ಆ ೨೪ ರೂಪಾಯಿ ಹೊಸ ಪತ್ರದಲ್ಲಿ ಅಸಲಿನೊಳಗೆ ಸೇರಿಬಿಡುವುದು. ಮರುವರ್ಷ ಬಡ್ಡಿ ನಡೆಯುವುದು ನೂರಕ್ಕಲ್ಲ, ನೂರಿಪ್ಪತ್ತನಾಲ್ಕಕ್ಕೆ. ಪತ್ರದಲ್ಲಿ ‘ಚಕ್ರಬಡ್ಡಿ’ ಎಂಬ ಶಬ್ದವೇ ಇರಬೇಕಾದುದಿಲ್ಲ. ಎಷ್ಟು ಸಲ ಪತ್ರ ತಿರುಗಿತೋ ಅಷ್ಟು ಸಲ ಅಸಲು ೧.೨೪ರಿಂದ ಗುಣಿಸಲ್ಪಟ್ಟಿತು, ಅಷ್ಟೆ.

ನಾನು ನಮ್ಮ ಶಾಲೆಯ ಬೋರ್ಡಿಂಗಿನಲ್ಲಿದ್ದು ಹತ್ತನೆಯ ತರಗತಿಯಲ್ಲಿ ಓದುತ್ತಿದ್ದಾಗ, ರಜೆಗೆಂದು ಊರಿಗೆ ಹೋದ ಸಮಯದಲ್ಲಿ, ನಮ್ಮ ಮನೆಯ ಸಾಲವು ೨,೦೦೦ ರೂಪಾಯಿಗೆ ನಿಂತಿತ್ತು. ಬಾವಿ ತೋಡಿಸಲು ತಂದ ಹಣವದು. ಬಾವಿಯಲ್ಲಿ ನೀರು ಬೀಳಲಿಲ್ಲ. ನಮಗಿದ್ದುದು ಐದು ಎಕರೆ ಹೊಲ. ಅಂದಿನ ಬೆಲೆಯಲ್ಲಿ ಎಕರೆಗೆ ೧,೬೦೦ ರೂಪಾಯಿಯಂತೆ ಎಲ್ಲವೂ ಸೇರಿ ೮,೦೦೦ ರೂಪಾಯಿ ಆಗುತ್ತಿತ್ತು. ಸಾಲ ಕೊಟ್ಟ ಗೃಹಸ್ಥರು ಕೆಟ್ಟವರೇನೂ ಅಲ್ಲ. ಮೋಸದ ಅಂಕಿಯೊಂದನ್ನೂ ಅವರು ಬರೆದವರಲ್ಲ. ಪ್ರತಿ ವರ್ಷವೂ ಬಂದು ‘ಈಗ ಇಷ್ಟಾಯಿತು’ ಎಂದು ಹೇಳಿ ರುಜು ಹಾಕಿಸಿಕೊಂಡು ಹೋಗುತ್ತಿದ್ದರು. ಎಷ್ಟಾಯಿತೆಂಬುದು ಹೀಗೆ ನಮ್ಮ ತಂದೆಯವರಿಗೆ ಯಾವಾಗಲೂ ತಿಳಿದೇ ಇತ್ತು. ಅಕ್ಷರವರಿಯದ ನಮ್ಮ ತಾಯಿಯವರು ಕೇಳಿದ ಪ್ರಶ್ನೆ ಬೇರೆ: “ಹೀಗೆಯೇ ನಡೆದರೆ ಹೊಲ ಹೋಗುವುದು ಎಂದು?”

ತಂದೆಯವರು ಬಾಯಿಲೆಕ್ಕದಲ್ಲಿ ಉತ್ತರ ಹೇಳಿದರು. ವರ್ಷಕ್ಕೆ ೪೮೦ ರೂಪಾಯಿ ಬಡ್ಡಿ. ಸಾಲವು ೮,೦೦೦ಕ್ಕೆ ಏರಲು ಇನ್ನೂ ೬,೦೦೦ ಬೇಕು. ೬,೦೦೦ವನ್ನು ೪೮೦ರಿಂದ ಭಾಗಿಸಿದರೆ ಹನ್ನೆರಡೂವರೆ ವರ್ಷ. ಅಷ್ಟರೊಳಗೆ ತಮ್ಮನು ದೊಡ್ಡವನಾಗುವನು, ನಾಲ್ಕು ಒಳ್ಳೆಯ ಮಳೆಗಳಾದರೂ ಬಂದೇ ಬರುವುವು ಎಂಬುದು ಅವರ ಧೈರ್ಯ. ಸರಳಬಡ್ಡಿಯ ಮೇಲೆ ಈ ಲೆಕ್ಕ ಸರಿ. ಆದರೆ ನಮ್ಮ ಪತ್ರವು ವರ್ಷವರ್ಷವೂ ತಿರುಗುತ್ತಿತ್ತಲ್ಲವೇ?

ಆ ವರ್ಷವೇ ನಮ್ಮ ಗಣಿತದ ಉಪಾಧ್ಯಾಯಿನಿಯವರು ಲಘುಗಣಕವನ್ನು ಕಲಿಸಿದ್ದರು. ಚಕ್ರಬಡ್ಡಿಯ ಸೂತ್ರವನ್ನು ಸೋದರಿಯರು ಮರೆತಿರಲಾರರು: ಅಸಲನ್ನು, ಒಂದಕ್ಕೆ ಬಡ್ಡಿಯ ದರವನ್ನು ಕೂಡಿಸಿ ಬಂದ ಸಂಖ್ಯೆಯಿಂದ, ಎಷ್ಟು ವರ್ಷಗಳೋ ಅಷ್ಟು ಸಲ ಗುಣಿಸಿದರೆ ಮೊತ್ತ. ಅಸಲು, ದರ, ಕಾಲ ಮೂರೂ ತಿಳಿದಿದ್ದರೆ ಮೊತ್ತವನ್ನು ಕಾಣುವುದು ಗುಣಾಕಾರದ ಕೆಲಸ. ಆದರೆ ಅಸಲೂ ಮೊತ್ತವೂ ದರವೂ ತಿಳಿದಿದ್ದು ಕಾಲ ಮಾತ್ರ ತಿಳಿಯದಿದ್ದರೆ ಕಷ್ಟ ಒದಗುವುದು. ಬೇಕಾದ ಸಂಖ್ಯೆಯು ಸಾಲಿನಲ್ಲಿ ಇರದೆ ಮೇಲೆ ಘಾತಾಂಕದ ಸ್ಥಾನದಲ್ಲಿ, ಅಟ್ಟದ ಮೇಲಿಟ್ಟ ಗಡಿಗೆಯಂತೆ, ಕೂತಿರುವುದು. ಕೂಡಿಸಿ ಕಳೆದು ಗುಣಿಸಿ ಭಾಗಿಸಿ ಅದನ್ನು ಕೆಳಗೆ ತರಲಾಗದು. ಅಟ್ಟಕ್ಕೆ ಹಾಕುವ ನಿಚ್ಚಣಿಕೆಯೇ ಲಘುಗಣಕ. ಹತ್ತನ್ನು ಯಾವ ಘಾತಕ್ಕೆ ಏರಿಸಿದರೆ ಒಂದು ಸಂಖ್ಯೆಯು ಬರುವುದೋ ಆ ಘಾತಾಂಕವೇ ಅದರ ಲಘುಗಣಕವು. ೧೦೦ರದು ೨, ೧,೦೦೦ದದು ೩, ನಡುವಣ ಸಂಖ್ಯೆಗಳವು ದಶಮಾಂಶಗಳಾಗಿ ಕೋಷ್ಟಕದಲ್ಲಿ ದೊರೆಯುವುವು. ಒಂದು ಸಂಖ್ಯೆಯನ್ನು ಹಲವು ಸಲ ತನ್ನಿಂದಲೇ ಗುಣಿಸಿದರೆ ಅದರ ಲಘುಗಣಕವು ಅಷ್ಟೇ ಪಟ್ಟು ಆಗುವುದೆಂಬುದು ಇದರ ಗುಣ. ಆದಕಾರಣ ಮೇಲಿದ್ದ ಕಾಲವು ಕೆಳಗಿಳಿದು ಸಾಧಾರಣವಾದ ಗುಣಕವಾಗಿ ನಿಲ್ಲುವುದು. ಒಂದು ಭಾಗಾಕಾರದಿಂದ ಲೆಕ್ಕ ಮುಗಿಯುವುದು. ಮೊತ್ತವು ಅಸಲಿನ ಎಷ್ಟು ಪಟ್ಟೋ ಅದರ ಲಘುಗಣಕವನ್ನು, ೧ ಕೂಡಿದ ದರದ ಲಘುಗಣಕದಿಂದ ಭಾಗಿಸಿದರೆ ಕಾಲವು ದೊರೆಯಿತು.

ನಮ್ಮ ಲೆಕ್ಕದಲ್ಲಿ ೮,೦೦೦ವು ೨,೦೦೦ದ ನಾಲ್ಕು ಪಟ್ಟು. ೪ರ ಲಘುಗಣಕ ೦.೬೦೨೧, ೧.೨೪ರದು ೦.೦೯೩೪. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ೬.೪೪೬. ಹನ್ನೆರಡೂವರೆ ವರ್ಷವಲ್ಲ, ಆರು ವರ್ಷ ಐದು ತಿಂಗಳು! ತಂದೆಯವರು ನಂಬಲಿಲ್ಲ. ಆಗ ವರ್ಷ ವರ್ಷದ ಪತ್ರವನ್ನೂ ಬರೆದು ತೋರಿಸಿದೆನು: ೨,೪೮೦; ೩,೦೭೫; ೩,೮೧೩; ೪,೭೨೮; ೫,೮೬೩; ೭,೨೭೦. ಆರನೆಯ ತೇರಿಗೆ ೭,೨೭೦. ಏಳನೆಯದು ಬರುವ ಮುಂಚೆ ಹೊಲದ ಬೆಲೆ ಮುಗಿಯಿತು. ಹೀಗೆ ಗುಣಿಸುತ್ತ ಹೋದರೂ ಉತ್ತರ ಸಿಕ್ಕುವುದು ನಿಜ. ಲಘುಗಣಕವು ಏತಕ್ಕೆಂದು ಇಲ್ಲಿ ಯಾರಾದರೂ ಕೇಳಬಹುದು. ಅದರ ಪ್ರಯೋಜನ ಕಂಡುದು ಮುಂದಿನ ಮಾತಿನಲ್ಲಿ.

ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ವರ್ಷಕ್ಕೆ ಐದುನೂರರಂತೆ ಕಟ್ಟುತ್ತ ಹೋದರೆ?” ಎಂದರು. ಬಡ್ಡಿಯೇ ೪೮೦ ಆಗಿರಲು, ಅಸಲಿಗೆ ಮೊದಲ ವರ್ಷ ಮುಟ್ಟುವುದು ೨೦ ರೂಪಾಯಿ ಮಾತ್ರ. ಇದಕ್ಕೂ ಸೂತ್ರವುಂಟು: ಕಟ್ಟುವ ಕಂತನ್ನು, ಕಂತಿನಲ್ಲಿ ಮೊದಲ ವರ್ಷದ ಬಡ್ಡಿಯನ್ನು ಕಳೆದು ಉಳಿದುದರಿಂದ ಭಾಗಿಸಿ, ಬಂದುದರ ಲಘುಗಣಕವನ್ನು ಹಿಂದಿನಂತೆಯೇ ೦.೦೯೩೪ರಿಂದ ಭಾಗಿಸಬೇಕು. ಐದುನೂರನ್ನು ಇಪ್ಪತ್ತರಿಂದ ಭಾಗಿಸಿದರೆ ೨೫. ಅದರ ಲಘುಗಣಕ ೧.೩೯೭೯, ಕಾಲವು ಹದಿನೈದು ವರ್ಷ. ಕಂತು ಆರುನೂರಾದರೆ, ಆರುನೂರನ್ನು ನೂರಿಪ್ಪತ್ತರಿಂದ ಭಾಗಿಸಿ ೫, ಅದರದು ೦.೬೯೯೦, ಕಾಲವು ಏಳೂವರೆ ವರ್ಷ. ವರ್ಷಕ್ಕೆ ನೂರು ರೂಪಾಯಿ ಹೆಚ್ಚು ಕಟ್ಟಿದುದರಿಂದ ಕಾಲವು ಸರಿಯಾಗಿ ಅರ್ಧಕ್ಕೆ ಇಳಿಯಿತು. ಕೊಡಬೇಕಾದ ಒಟ್ಟು ಹಣವೂ ಸುಮಾರು ೭,೫೦೦ದಿಂದ ೪,೫೦೦ಕ್ಕೆ ಇಳಿಯಿತು. ಇಂತಹ ನಾಲ್ಕು ಪ್ರಶ್ನೆಗಳಿಗೆ ವರ್ಷ ವರ್ಷವೂ ಗುಣಿಸಿ ಉತ್ತರ ಕಾಣಲು ಒಂದು ರಾತ್ರಿ ಸಾಲದು. ಲಘುಗಣಕದಿಂದ ಒಂದೊಂದೂ ಒಂದು ಸಾಲಿನ ಕೆಲಸವಾಯಿತು. ಕೇಳಿದೊಡನೆ ಉತ್ತರ ದೊರೆತದ್ದರಿಂದಲೇ ತಂದೆಯವರು ಮತ್ತೆ ಮತ್ತೆ ಕೇಳಿದರು.

ಆರುನೂರು ನಮ್ಮಿಂದ ಆಗುವಂತಿರಲಿಲ್ಲ. ಐದುನೂರು ಒಳ್ಳೆಯ ವರ್ಷದಲ್ಲಿ ಆಗುತ್ತಿತ್ತು. ಆದರೆ ಹದಿನೈದು ವರ್ಷ ಒಂದೂ ತಪ್ಪದೆ ಮಳೆಯಾಗುವುದೆಂದು ಹೇಳುವವರು ನಮ್ಮ ಸೀಮೆಯಲ್ಲಿ ಹುಟ್ಟಿಲ್ಲ. ನಮ್ಮ ತಾಯಿಯವರು, “ದಿನ ಗೊತ್ತಾದ ಮೇಲೆ ಕಾಯುವುದೇಕೆ?” ಎಂದರು. ಎಕರೆಗೆ ೧,೬೦೦ರಂತೆ ಒಂದೂಕಾಲು ಎಕರೆಯನ್ನು ಮಾರಿದರೆ ೨,೦೦೦ ಸರಿಯಾಗಿ ಬರುತ್ತಿತ್ತು. ಪಿತ್ರಾರ್ಜಿತವನ್ನು ಮಾರುವುದು ಮಾನಕ್ಕೆ ಕುಂದೆಂದು ತಂದೆಯವರು ಎರಡು ತಿಂಗಳು ಒಪ್ಪದೆ, ಕೊನೆಗೆ ಒಪ್ಪಿದರು. ಮಾರಿದುದು ಕೆರೆಯ ಮಗ್ಗುಲಿನ ತುಂಡು. ಅದರಲ್ಲಿ ಎರಡು ಹುಣಿಸೆಮರಗಳಿದ್ದುವು. ತಾಯಿಯವರು ಬದುಕಿರುವವರೆಗೂ ಆ ಮರಗಳ ಮಾತನ್ನಾಡುತ್ತಿದ್ದರು. ಲೆಕ್ಕವು ಅವುಗಳನ್ನು ಉಳಿಸಿಕೊಡಲಿಲ್ಲ. ಎರಡು ನಷ್ಟಗಳಲ್ಲಿ ಚಿಕ್ಕದು ಯಾವುದೆಂಬುದನ್ನು, ಆರಿಸಿಕೊಳ್ಳಲು ಇನ್ನೂ ಸಮಯವಿದ್ದಾಗ, ತಿಳಿಸಿತು. ಉಳಿದ ಮೂರುಮುಕ್ಕಾಲು ಎಕರೆಯು ನನ್ನ ತಮ್ಮನ ಕೈಗೆ ಋಣವಿಲ್ಲದೆ ಬಂದಿತು.

ಈ ವಿದ್ಯೆಯ ಚರಿತ್ರೆಯೂ ಕೇಳಲು ಯೋಗ್ಯವಾದುದು. ಸ್ಕಾಟ್ಲೆಂಡಿನ ಜಾನ್ ನೇಪಿಯರ್ ಎಂಬ ಮಹನೀಯನು ೧೬೧೪ರಲ್ಲಿ ಲಘುಗಣಕಗಳ ಮೊದಲ ಕೋಷ್ಟಕವನ್ನು ಪ್ರಕಟಿಸಿದನು. ಲಂಡನ್ನಿನ ಗಣಿತಾಧ್ಯಾಪಕ ಹೆನ್ರಿ ಬ್ರಿಗ್ಸನು ಅದನ್ನು ಓದಿ ಬೆರಗಾಗಿ, ಮರುವರ್ಷವೇ ಎಡಿನ್‌ಬರೋವಿಗೆ ಹೋಗಿ ಅವನನ್ನು ಕಂಡು, ಹತ್ತನ್ನೇ ಆಧಾರವಾಗಿಟ್ಟುಕೊಂಡರೆ ಜನಕ್ಕೆ ಅನುಕೂಲವೆಂದು ಮಾತನಾಡಿದನು. ೧೬೧೭ರಲ್ಲಿ ಮೊದಲ ಸಾವಿರ ಸಂಖ್ಯೆಗಳಿಗೆ ಹಾಗೆಯೇ ಕೋಷ್ಟಕವನ್ನು ಅಚ್ಚುಮಾಡಿಸಿದನು. ನಾವು ಶಾಲೆಯಲ್ಲಿ ಬಳಸುತ್ತಿದ್ದ ತೆಳುವಾದ ಕ್ಲಾರ್ಕ್ ಕೋಷ್ಟಕಗಳ ಪುಸ್ತಕವು ಈ ವಂಶದ್ದೇ.

ಹಾಗೆಂದು ಈ ಭಾವನೆಯು ನಮ್ಮ ದೇಶಕ್ಕೆ ಹೊಸದೆಂದು ಎಣಿಸಬಾರದು. ವೀರಸೇನಾಚಾರ್ಯರು ಕ್ರಿ.ಶ. ೮೧೬ರಲ್ಲಿ ಮುಗಿಸಿದ ‘ಧವಳಾ’ ಟೀಕೆಯಲ್ಲಿ ‘ಅರ್ಧಚ್ಛೇದ’ ಎಂಬುದೊಂದು ಎಣಿಕೆಯಿದೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಮಾಡಬಹುದೋ ಅಷ್ಟು ಅದರ ಅರ್ಧಚ್ಛೇದ: ೧೬ರದು ೪, ೩೨ರದು ೫. ಇದು ಎರಡನ್ನು ಆಧಾರವಾಗಿಟ್ಟ ಲಘುಗಣಕವೇ ಸರಿ. ಹದಿನಾರು ಪಟ್ಟಾದ ಸಾಲವು ನಾಲ್ಕು ಸಲ ಇಮ್ಮಡಿಸಿದೆ ಎಂಬುದನ್ನು ಆ ಶಬ್ದ ಬಲ್ಲವನು ಒಡನೆಯೇ ಹೇಳುವನು. ಈ ಗ್ರಂಥವನ್ನು ಶತಮಾನಗಳ ಕಾಲ ಕಾಪಾಡಿದುದು ನಮ್ಮ ಮೂಡಬಿದಿರೆಯ ಬಸದಿಯಲ್ಲಿ, ಕನ್ನಡ ಲಿಪಿಯ ತಾಳೆಯೋಲೆಗಳು. ೧೯೩೯ರಿಂದ ಅದು ಅಚ್ಚಾಗಿ ಹೊರಬಂದಿತು. ಅದೇ ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಳಿಕೆಯಲ್ಲಿ, ಮಹಾವೀರಾಚಾರ್ಯರು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಅಸಲು, ಬಡ್ಡಿ, ಕಾಲಗಳನ್ನು ಒಂದರಿಂದೊಂದನ್ನು ಕಂಡುಹಿಡಿಯುವ ಲೆಕ್ಕಗಳು ಬಹಳವಾಗಿವೆ. ಸಾಲವೂ ಅದರ ಲೆಕ್ಕವೂ ಕನ್ನಡನಾಡಿನಲ್ಲಿ ಅಷ್ಟು ಹಳೆಯವು.

ಸಾಲವು ಇಮ್ಮಡಿಯಾಗುವ ಗಡಿಯನ್ನು ನಮ್ಮ ಹಿಂದಿನವರು ಲೆಕ್ಕದ ಕುತೂಹಲಕ್ಕಾಗಿ ಮಾತ್ರ ಗಮನಿಸಿದುದಲ್ಲ. ಒಂದೇ ಬಾರಿಗೆ ವಸೂಲುಮಾಡುವ ಬಡ್ಡಿಯು ಅಸಲನ್ನು ಮೀರಬಾರದೆಂಬುದು ಧರ್ಮಶಾಸ್ತ್ರದ ಹಳೆಯ ಕಟ್ಟಳೆ. ಇದಕ್ಕೆ ದಾಮ್‌ದುಪಟ್ ಎಂದು ಹೆಸರು. ಬ್ರಿಟಿಷರ ಕಾಲದಲ್ಲಿ ಮುಂಬಯಿ ಆಧಿಪತ್ಯದ ನ್ಯಾಯಾಲಯಗಳು ಹಿಂದೂ ಸಾಲಗಾರರ ವಿಷಯದಲ್ಲಿ ಇದನ್ನು ಮನ್ನಿಸುತ್ತಿದ್ದುವು; ಮದರಾಸಿನ ಜಿಲ್ಲೆಗಳಲ್ಲಿ ಮನ್ನಿಸುತ್ತಿರಲಿಲ್ಲ. ತುಂಗಭದ್ರೆಯ ಆಚೆಯ ದಡ ಆಗ ಧಾರವಾಡ ಜಿಲ್ಲೆಯಾಗಿತ್ತು, ಅಂದರೆ ಮುಂಬಯಿಗೆ ಸೇರಿದ್ದಿತು. ಈಚೆಯ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳು ೧೯೫೩ನೆಯ ಅಕ್ಟೋಬರ್ ೧ರಂದು ಮೈಸೂರಿಗೆ ಸೇರುವವರೆಗೆ ಮದರಾಸಿನ ಬಳ್ಳಾರಿ ಜಿಲ್ಲೆಯವು. ಒಂದೇ ಹೊಳೆಯ ಎರಡು ದಡಗಳಲ್ಲಿ ಒಂದೇ ಸಾಲಕ್ಕೆ ಎರಡು ನ್ಯಾಯವಿದ್ದಿತು. ೧೯೩೮ರಲ್ಲಿ ರಾಜಗೋಪಾಲಾಚಾರ್ಯರ ಮಂತ್ರಿಮಂಡಲವು ಮದರಾಸಿನಲ್ಲಿ ರೈತರ ಋಣಪರಿಹಾರದ ಕಾನೂನನ್ನು ತಂದ ಮೇಲೆ, ೧೯೩೨ನೆಯ ಅಕ್ಟೋಬರ್ ೧ಕ್ಕೆ ಹಿಂದಿನ ಸಾಲಗಳಲ್ಲಿ, ರೈತನು ಅಸಲೆಂದಾಗಲಿ ಬಡ್ಡಿಯೆಂದಾಗಲಿ ಅಸಲಿನ ಎರಡರಷ್ಟನ್ನು ಕೊಟ್ಟುಬಿಟ್ಟಿದ್ದರೆ ಸಾಲವೆಲ್ಲ ತೀರಿತೆಂದೇ ಎಣಿಸಬೇಕೆಂದು ಆಯಿತು. ಎಂದು ಎಷ್ಟು ಕೊಟ್ಟೆನೆಂಬುದನ್ನು ಬರೆದಿಟ್ಟುಕೊಂಡವನಿಗೇ ಇಂತಹ ಕಾನೂನಿನಿಂದ ಪೂರ್ತಿ ಪ್ರಯೋಜನ. ಆ ಬರವಣಿಗೆಯನ್ನು ಮನೆಯ ಹೆಣ್ಣುಮಗಳು ಮಾಡಬಲ್ಲವಳಾದರೆ ಎಷ್ಟು ಲೇಸು!

ಈಗಿನ ಕಾಲದ ಮಾತಿಗೆ ಬರೋಣ. ಅಂಚೆ ಕಚೇರಿಯ ಕಿಸಾನ್ ವಿಕಾಸ ಪತ್ರವನ್ನು ಎಲ್ಲರೂ ಬಲ್ಲರು. ೧೯೮೮ರಲ್ಲಿ ಅದು ಆರಂಭವಾದಾಗ ಹಣವು ಐದೂವರೆ ವರ್ಷಕ್ಕೆ ಇಮ್ಮಡಿಯಾಗುತ್ತಿತ್ತು. ೨೦೧೧ರಲ್ಲಿ ನಿಂತು, ೨೦೧೪ರಲ್ಲಿ ಮರಳಿ ಬಂದಾಗ ೧೦೦ ತಿಂಗಳಿಗೆ. ೨೦೨೩ರ ಏಪ್ರಿಲ್ ೧ರಂದು ನಿಗದಿಯಾದ ನೂರಕ್ಕೆ ಏಳೂವರೆಯ ದರದಲ್ಲಿ ೧೧೫ ತಿಂಗಳಿಗೆ. ಈ ೧೧೫ ಎಲ್ಲಿಂದ ಬಂದಿತು? ೨ರ ಲಘುಗಣಕವಾದ ೦.೩೦೧೦ವನ್ನು ೧.೦೭೫ರ ಲಘುಗಣಕವಾದ ೦.೦೩೧೪ರಿಂದ ಭಾಗಿಸಿ ನೋಡಿರಿ: ೯.೫೮ ವರ್ಷ, ಅಂದರೆ ೧೧೫ ತಿಂಗಳು. ಪತ್ರದ ಆ ಅವಧಿಯು ನಮ್ಮ ಪಾಠದ ಲೆಕ್ಕವೇ. ಇನ್ನು ಅದೇ ೧೧೫ ತಿಂಗಳು, ‘ನೂರಕ್ಕೆ ಎರಡ’ರಂತೆ ತಿಂಗಳು ತಿಂಗಳಿಗೂ ಬಡ್ಡಿಯನ್ನು ಅಸಲಿಗೆ ಸೇರಿಸುವ ಸಾಲವೊಂದು ನಡೆದರೆ? ಅದು ಮೂವತ್ತೈದು ತಿಂಗಳಿಗೊಮ್ಮೆ ಇಮ್ಮಡಿಸುತ್ತ ಹೋಗಿ, ಒಂದು ರೂಪಾಯಿ ೯ ರೂಪಾಯಿ ೭೫ ಪೈಸೆಯಾಗಿರುವುದು. ಒಂದೇ ಮನೆಯಲ್ಲಿ ಪೆಟ್ಟಿಗೆಯೊಳಗೆ ಅಂಚೆಯ ಪತ್ರವೂ ಹೊರಗೆ ಇಂತಹ ಸಾಲವೂ ಇರುವುದನ್ನು ನಾನು ಕಂಡಿದ್ದೇನೆ. ಗಂಡನು ಸಾಲವನ್ನೂ ಹೆಂಡತಿಯು ಉಳಿತಾಯವನ್ನೂ ಬೇರೆ ಬೇರೆಯಾಗಿ ನೋಡುತ್ತಿದ್ದರು. ಎರಡನ್ನೂ ಒಂದೇ ಕಾಗದದ ಮೇಲೆ ಬರೆದರೆ ಯಾವುದನ್ನು ಮುರಿದು ಯಾವುದನ್ನು ತೀರಿಸಬೇಕೆಂಬುದರಲ್ಲಿ ಸಂಶಯವೇ ಉಳಿಯದು. ೨೦೨೫ರಲ್ಲಿ ಕರ್ನಾಟಕ ಸರ್ಕಾರವು ಕಿರುಸಾಲಗಳ ವಸೂಲಿಯಲ್ಲಿನ ಬಲಾತ್ಕಾರವನ್ನು ತಡೆಯಲು ಕಾನೂನನ್ನೇ ಮಾಡಬೇಕಾಯಿತು. ಕಾನೂನು ಬಾಗಿಲಿಗೆ ಬಂದವರನ್ನು ತಡೆಯಬಲ್ಲದು. ಬಡ್ಡಿಯು ಬೆಳೆಯುವ ವೇಗವನ್ನು ಸಾಲ ತರುವ ಮೊದಲೇ ತಿಳಿಯುವ ಕೆಲಸ ನಮ್ಮದು.

ಕೋಷ್ಟಕವಿಲ್ಲದೆಯೂ ನೆನಪಿಡಬಹುದಾದ ಉಪಾಯವೊಂದುಂಟು. ೭೨ನ್ನು ಬಡ್ಡಿಯ ದರದಿಂದ ಭಾಗಿಸಿದರೆ ಹಣವು ಇಮ್ಮಡಿಯಾಗುವ ಕಾಲವು ಹೆಚ್ಚು ಕಡಿಮೆ ದೊರೆಯುವುದು. ಇಟಲಿಯ ಲೂಕಾ ಪಚೋಲಿಯು ೧೪೯೪ರಲ್ಲಿ ಅಚ್ಚಾದ ತನ್ನ ಗಣಿತ ಗ್ರಂಥದಲ್ಲಿ ಇದನ್ನು ಹೇಳಿದ್ದಾನೆ. ದರವು ಏಳೂವರೆಯಾದರೆ ೯.೬ ವರ್ಷ; ತಿಂಗಳಿಗೆ ಎರಡಾದರೆ ೩೬ ತಿಂಗಳು. ದರವು ಹೆಚ್ಚಿದಂತೆ ತಪ್ಪೂ ಹೆಚ್ಚುವುದು: ವರ್ಷಕ್ಕೆ ೨೪ರ ದರಕ್ಕೆ ಇದು ೩ ವರ್ಷವೆನ್ನುವುದು, ನಿಜವಾದುದು ೩ ವರ್ಷ ೩ ತಿಂಗಳಿಗೆ ಸ್ವಲ್ಪ ಕಡಿಮೆ. ಸಂತೆಯಲ್ಲಿ ನಿಂತು ಯೋಚಿಸಲು ಇದು ಸಾಕು. ಹೊಲವನ್ನು ಒತ್ತೆಯಿಡುವ ಮುಂಚೆ ಮಾತ್ರ ಮನೆಗೆ ಬಂದು ಲಘುಗಣಕದಿಂದ ಸರಿಯಾಗಿ ನೋಡತಕ್ಕದ್ದು.

ಇಂದಿನ ಹುಡುಗಿಯರಿಗೆ ಕೋಷ್ಟಕದ ಪುಸ್ತಕವನ್ನು ತಿರುವಬೇಕಾದ ಶ್ರಮವೂ ಇಲ್ಲ. ಕೈಯಲ್ಲಿಯ ಮೊಬೈಲ್ ಯಂತ್ರದಲ್ಲಿ ಒಂದು ಗುಂಡಿಯನ್ನು ಮುಟ್ಟಿದರೆ ಲಘುಗಣಕವು ಬರುವುದು. ಆದರೆ ಯಾವ ಸಂಖ್ಯೆಯನ್ನು ಯಾವುದರಿಂದ ಭಾಗಿಸಬೇಕು, ಅದಕ್ಕೂ ಮೊದಲು ಏನನ್ನು ಕೇಳಬೇಕು ಎಂಬುದನ್ನು ಆ ಯಂತ್ರವು ಹೇಳುವುದಿಲ್ಲ. ಸಾಲ ಕೊಡುವವರು ಕಂತು ಎಷ್ಟೆಂದು ಹೇಳುವರು, ಈ ಹೊತ್ತಿಗೆ ಬಾಕಿ ಎಷ್ಟೆಂದು ಹೇಳುವರು. ಎಷ್ಟು ಕಾಲವೆಂಬುದನ್ನು ನಾವಾಗಿ ಕೇಳಬೇಕು, ಕೇಳಿ ನಾವೇ ಪರೀಕ್ಷಿಸಬೇಕು. ಆದಕಾರಣ ಪಾಲಕರಲ್ಲಿ ನನ್ನದೊಂದು ವಿಜ್ಞಾಪನೆ. ಮನೆಯ ಸಾಲದ ಕಾಗದಗಳನ್ನು ಮಗಳ ಕಣ್ಣಿಗೆ ಬೀಳದಂತೆ ಮುಚ್ಚಿಡಬೇಡಿರಿ. ಅವಳು ಹತ್ತನೆಯ ತರಗತಿಗೆ ಬಂದ ವರ್ಷ ಅವಳೆದುರಿಗೆ ಹರವಿರಿ. ಅಸಲೆಷ್ಟು, ದರವೆಷ್ಟು, ಬಡ್ಡಿಯು ಅಸಲಿಗೆ ಸೇರುವುದು ವರ್ಷಕ್ಕೊಮ್ಮೆಯೋ ತಿಂಗಳಿಗೊಮ್ಮೆಯೋ ಎಂಬ ಮೂರು ಮಾತುಗಳನ್ನು ಅವಳೇ ಓದಿ ತೆಗೆಯಲಿ. ಕಾಲವನ್ನು ಅವಳೇ ಲೆಕ್ಕಹಾಕಿ ಮನೆಯವರಿಗೆ ಹೇಳಲಿ. ಹಳೆಯ ವಿದ್ಯಾರ್ಥಿನಿಯರಾದ ಸೋದರಿಯರೂ ತಮ್ಮ ತಮ್ಮ ಊರುಗಳ ಸ್ತ್ರೀಸಂಘಗಳಲ್ಲಿ ಇದೇ ಲೆಕ್ಕವನ್ನು ಒಂದು ಸಂಜೆ ಕಲಿಸಿಕೊಟ್ಟರೆ, ನಮ್ಮ ಶಾಲೆಯಲ್ಲಿ ನಮಗೆ ದೊರೆತುದು ಅಷ್ಟರಮಟ್ಟಿಗೆ ಇನ್ನೊಬ್ಬರಿಗೂ ಸಂದಂತಾಗುವುದು.

— ಹಳೆಯ ವಿದ್ಯಾರ್ಥಿನಿ, ಹೊಸಹಳ್ಳಿ